ಹಿತ್ತಿಲಿಗೊಂದು ಗಸಗಸೆ ಹಣ್ಣಿನ ಮರ

ನೆಟ್ಟು ಸುಮಾರು 2 ವರ್ಷಕ್ಕೆ
ನೆರಳೂ ಕೊಟ್ಟು, ಹಣ್ಣೂ ಕೊಡೋ ಮರ ಯಾವುದು ಹೇಳಿ?

ಗಸಗಸೆ ಹಣ್ಣಿನ ಮರ!
ಮೂಲ ಅಮೆರಿಕ ಖಂಡಗಳ ಉಷ್ಣವಲಯ.
ಈಗ ನಮ್ಮ ರಸ್ತೆಬದಿಗಳಲ್ಲೂ ಇದೆ.

ಕೆಂಪಗಾದ ಹಣ್ಣು ಬಾಯಿಗೆ ಹಾಕಿ, ಒತ್ತಿ...
ಥೇಟ್ ಜಾತ್ರೆಯ ಬಾಂಬೆ ಮಿಠಾಯಿ!

ಕಾಫಿ ಬೆಳೆಯೋ ಕೆ. ಹೊಸಕೋಟೆ ಕಡೆಯವರೇ, ಕೇಳಿ.
ಕಾಫಿ ತೋಟದ ನೆರಳಲ್ಲಿ ನೆಡಬೇಡಿ.
ಇದಕ್ಕೆ ಬಿಸಿಲು ಬೇಕು.
ನೀರು ನಿಲ್ಲೋ ಜಾಗನೂ ಬೇಡ.

ಸಸಿ ಮಾಡೋಕೆ ಹಣ್ಣು ಹಿಸುಕಿ, ನೀರಲ್ಲಿ ತೊಳೀರಿ.
ಬೀಜ ಪುಡಿಯಷ್ಟು ಸಣ್ಣ.
ಮರಳಲ್ಲಿ ಬೆರೆಸಿ, ಮೇಲೇ ಉದುರಿಸಿ.
ಮಣ್ಣು ಮುಚ್ಚಬೇಡಿ.
ಬೆಳಕು ಬಿದ್ದರೇನೇ ಮೊಳಕೆ!

ಕೊಂಬೆ ಮೆದು.
ಆಷಾಢದ ಗಾಳಿಗೆ ಮುರಿಯುತ್ತೆ.
ಮಳೆಗೆ ಮುಂಚೆ ಸವರಿಬಿಡಿ.

ಇನ್ನೊಂದು ಮಾತು.
ಹಗಲು ಪಿಕಳಾರ, ರಾತ್ರಿ ಬಾವಲಿ.
ಹಣ್ಣು ತಿಂದು ಕೆಳಗೆಲ್ಲ ಗಲೀಜು.
ಬಟ್ಟೆ ಒಣಗಿಸೋ ಹಗ್ಗನ
ಸ್ವಲ್ಪ ದೂರ ಕಟ್ಟಿ!