ಕೊನೆಯ ನಾಲ್ಕು ಎಸೆತ: ರನ್ ತಡೆಯುವ ಜಾಣತನ, ಜೋಡಿ ಬೀಳುವ ಅದೃಷ್ಟ

2025ರ ಜೂನ್ 3, ಅಹಮದಾಬಾದ್. ಐಪಿಎಲ್ ಫೈನಲ್‌ನ ಕೊನೆಯ ಓವರ್. ಆರ್‌ಸಿಬಿ 9 ವಿಕೆಟ್‌ಗೆ 190 ರನ್ ಮಾಡಿತ್ತು. ಪಂಜಾಬ್ ತಂಡಕ್ಕೆ 6 ಎಸೆತಗಳಲ್ಲಿ 29 ರನ್ ಬೇಕಿತ್ತು. ಹೇಜಲ್‌ವುಡ್ ಎಸೆದ ಮೊದಲ ಎರಡು ಚೆಂಡಿಗೆ ರನ್ ಬರಲಿಲ್ಲ. ಉಳಿದ ನಾಲ್ಕಕ್ಕೂ ಸಿಕ್ಸರ್ ಹೊಡೆದರೂ 24 ರನ್ ಮಾತ್ರ. ವೈಡು, ನೋಬಾಲು ಬೀಳದಿದ್ದರೆ ಕಪ್ ನಮ್ಮದೇ. ಮನೆಯಲ್ಲಿ ಎಲ್ಲರೂ ಎದ್ದು ಕುಣಿಯುತ್ತಿದ್ದರು. ನಾನೊಬ್ಬನೇ ಮೊಬೈಲ್ ಹಿಡಿದು ಬೆವರುತ್ತಿದ್ದೆ.

ಕಾರಣ ಹೇಳಲು ನಾಚಿಕೆಯಾಗುತ್ತದೆ. ಬಕ್ರೀದ್‌ಗೆ ನಾಲ್ಕು ದಿನ ಬಾಕಿ ಇತ್ತು. ಬಟ್ಟೆಗೆಂದು ಅಬ್ಬಾ ಕೊಟ್ಟಿದ್ದ 500 ರೂಪಾಯಿಯನ್ನು ಅಣ್ಣನ ಖಾತೆಯಿಂದ ಒಂದು ಫ್ಯಾಂಟಸಿ ಆ್ಯಪ್‌ನಲ್ಲಿ ಹಾಕಿದ್ದೆ. ಎದುರಿಗೆ ಒಬ್ಬನೇ ಆಟಗಾರ, ಯಾರೋ, ಎಲ್ಲಿಯವನೋ. ನಾನು ಸ್ವಲ್ಪ ಮುಂದಿದ್ದೆ. ಅವನ ತಂಡದಲ್ಲಿ ಶಶಾಂಕ್ ಸಿಂಗ್ ಇದ್ದರು, ನನ್ನ ತಂಡದಲ್ಲಿ ಇರಲಿಲ್ಲ. ಶಶಾಂಕ್ ಆ ನಾಲ್ಕು ಎಸೆತಗಳಲ್ಲಿ 6, 4, 6, 6 ಹೊಡೆದರು. ಒಟ್ಟು 22 ರನ್. ಪಂಜಾಬ್ 184ಕ್ಕೆ ನಿಂತಿತು. ಆರ್‌ಸಿಬಿ 6 ರನ್‌ಗಳಿಂದ ಗೆದ್ದಿತು, ನಾನು ಸೋತೆ.

ಪಂದ್ಯದ ಫಲಿತಾಂಶಕ್ಕೆ ಆ 22 ರನ್ ಏನೂ ಮಾಡಲಿಲ್ಲ. ನನ್ನ 500 ರೂಪಾಯಿಯನ್ನು ಮಾತ್ರ ತೆಗೆದುಕೊಂಡು ಹೋದವು. ಅಂದಿನಿಂದ ಒಂದು ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿತ್ತು. ಈ ಆಟದಲ್ಲಿ ನಮ್ಮ ಬುದ್ಧಿ ಎಷ್ಟು, ಅದೃಷ್ಟ ಎಷ್ಟು? ಅದನ್ನು ಲೆಕ್ಕ ಹಾಕಲು ಸಾಧ್ಯವೇ? ಸಾಧ್ಯ. ಹೇಗೆ ಎಂದು ನೋಡೋಣ.

ಮೊದಲು, ರನ್ ತಡೆಯುವ ವಿದ್ಯೆ

ಕೊಲ್ಹಾಪುರದ ಕಡೆ ಫುಟ್‌ಬಾಲ್ ಹುಚ್ಚು ಜಾಸ್ತಿ, ಕಣಗಲಾ, ಸಂಕೇಶ್ವರದ ಕಡೆ ನಮಗೆ ಕ್ರಿಕೆಟ್ಟೇ ಎಲ್ಲ. ಆದರೆ ಕೂತಲ್ಲೇ ತಂಡ ಕಟ್ಟಿ ನಡೆಸುವ ಆಟಗಳಲ್ಲಿ ಎರಡಕ್ಕೂ ಒಂದೇ ನಿಯಮ: ಹೊಡೆಯುವವರನ್ನು ಎಲ್ಲರೂ ಆರಿಸುತ್ತಾರೆ, ತಡೆಯುವವರನ್ನು ಆರಿಸುವವನೇ ಜಾಣ.

ಅದೇ ಫೈನಲ್ ನೋಡಿ. ಗೆಲ್ಲಲು ಪಂಜಾಬ್‌ಗೆ 20 ಓವರ್‌ಗಳಲ್ಲಿ 191 ರನ್ ಬೇಕು, ಅಂದರೆ ಓವರ್‌ಗೆ 9.55. ಆ ಲೆಕ್ಕದಲ್ಲಿ 4 ಓವರ್‌ಗಳಲ್ಲಿ ಸುಮಾರು 38 ರನ್ ಬರಬೇಕಿತ್ತು. ಕೃನಾಲ್ ಪಾಂಡ್ಯ ತಮ್ಮ 4 ಓವರ್‌ಗಳಲ್ಲಿ ಕೊಟ್ಟದ್ದು 17 ಮಾತ್ರ, ಪಡೆದದ್ದು 2 ವಿಕೆಟ್. ಅಂದರೆ ಒಬ್ಬರೇ 21 ರನ್‌ಗಳಷ್ಟು ಉಳಿಸಿದರು. ತಂಡ ಗೆದ್ದದ್ದು 6 ರನ್‌ಗಳಿಂದ. ಪಂದ್ಯಶ್ರೇಷ್ಠ ಪ್ರಶಸ್ತಿ ಬ್ಯಾಟ್ಸ್‌ಮನ್ನನ ಬದಲು ಅವರಿಗೆ ಸಿಕ್ಕಿದ್ದು ಸುಮ್ಮನೆ ಅಲ್ಲ.

ಅದರ ಹಿಂದೆ ಒಂದು ಯೋಜನೆಯಿದೆ. ಕೃನಾಲ್ ಎಡಗೈ ಸ್ಪಿನ್ನರ್. ಎಡಗೈ ಸ್ಪಿನ್ನರ್‌ನ ಚೆಂಡು ಸಾಮಾನ್ಯವಾಗಿ ಬಲಗೈ ಬ್ಯಾಟ್ಸ್‌ಮನ್‌ನಿಂದ ಆಚೆಗೆ ತಿರುಗುತ್ತದೆ. ಆಚೆಗೆ ಹೋಗುವ ಚೆಂಡನ್ನು ಎಳೆದು ಹೊಡೆಯುವುದು ಕಷ್ಟ. ಅಂದು ಅವರಿಗೆ ಬಲಿಯಾದ ಪ್ರಭಸಿಮ್ರನ್ ಸಿಂಗ್ ಮತ್ತು ಜೋಶ್ ಇಂಗ್ಲಿಸ್ ಇಬ್ಬರೂ ಬಲಗೈಯವರು. ಕ್ರಿಕೆಟ್‌ನಲ್ಲಿ ಇದನ್ನು 'ಮ್ಯಾಚಪ್' ಎನ್ನುತ್ತಾರೆ. ಯಾವ ಬ್ಯಾಟ್ಸ್‌ಮನ್‌ಗೆ ಯಾವ ಬೌಲರ್ ಜೋಡಿ ಎಂಬುದನ್ನು ಮೈದಾನದಲ್ಲಿ ನಾಯಕ ನಿರ್ಧರಿಸುತ್ತಾನೆ.

ಎಷ್ಟು ರನ್ ತಡೆಯಬೇಕು ಎಂಬುದು ಗೊತ್ತಿರುವುದೂ ವಿದ್ಯೆಯೇ. 2024ರ ಮೇ 18ರಂದು ಬೆಂಗಳೂರಿನಲ್ಲಿ ಆರ್‌ಸಿಬಿ ಚೆನ್ನೈ ವಿರುದ್ಧ 218 ರನ್ ಮಾಡಿತು. ಗೆಲ್ಲಲು ಚೆನ್ನೈಗೆ 219 ಬೇಕು. ಆದರೆ 201 ಮಾಡಿದರೆ ಸಾಕು, ಸೋತರೂ ರನ್ ರೇಟ್ ಬಲದ ಮೇಲೆ ಪ್ಲೇಆಫ್‌ಗೆ ಹೋಗುತ್ತಿತ್ತು. ಹಾಗಾಗಿ ಯಶ್ ದಯಾಳ್ ಕೊನೆಯ ಓವರ್‌ನಲ್ಲಿ ತಡೆಯಬೇಕಿದ್ದದ್ದು 17 ರನ್. ಮೊದಲ ಎಸೆತವನ್ನೇ ಧೋನಿ ಸಿಕ್ಸರ್‌ಗೆ ಎತ್ತಿದರು. ಎರಡನೇ ಎಸೆತಕ್ಕೆ ಔಟಾದರು. ಇಡೀ ಓವರ್‌ಗೆ 7 ರನ್. ಚೆನ್ನೈ 191ಕ್ಕೆ ನಿಂತಿತು, ಆರ್‌ಸಿಬಿ ಪ್ಲೇಆಫ್ ತಲುಪಿತು.

ಫ್ಯಾಂಟಸಿ ತಂಡ ಕಟ್ಟುವಾಗ ಇದರಿಂದ ಮೂರು ಪಾಠ ಕಲಿಯಬಹುದು.

ಒಂದು, ಪೂರ್ತಿ 4 ಓವರ್ ಹಾಕುವ ಬೌಲರ್‌ಗಳನ್ನು ಆರಿಸಿ. ಬ್ಯಾಟ್ಸ್‌ಮನ್ ಮೊದಲ ಎಸೆತಕ್ಕೇ ಔಟಾದರೆ ಅವನ ಕತೆ ಮುಗಿಯಿತು. ಬೌಲರ್‌ಗೆ ಒಂದು ಚೆಂಡು ಕೆಟ್ಟರೂ ಇನ್ನೂ 23 ಇರುತ್ತವೆ.

ಎರಡು, ಪವರ್‌ಪ್ಲೇ ಮತ್ತು ಕೊನೆಯ ಓವರ್‌ಗಳಲ್ಲಿ ಬೌಲಿಂಗ್ ಮಾಡುವವರಿಗೆ ವಿಕೆಟ್ ಅವಕಾಶ ಹೆಚ್ಚು. ಅಲ್ಲಿ ಬ್ಯಾಟ್ಸ್‌ಮನ್‌ಗಳು ಹೊಡೆಯಲೇಬೇಕು, ಹೊಡೆಯಲು ಹೋಗಿ ಕ್ಯಾಚ್ ಕೊಡುತ್ತಾರೆ.

ಮೂರು, ಟಾಸ್ ಆಗುವವರೆಗೆ ಕಾಯಿರಿ. ಇಬ್ಬನಿ ಬೀಳುವ ರಾತ್ರಿ ಎರಡನೆಯದಾಗಿ ಬೌಲಿಂಗ್ ಮಾಡುವ ಸ್ಪಿನ್ನರ್‌ಗೆ ಒದ್ದೆ ಚೆಂಡು ಕೈಯಲ್ಲಿ ನಿಲ್ಲುವುದಿಲ್ಲ.

ಇಷ್ಟು ನಮ್ಮ ಕೈಯಲ್ಲಿದೆ. ಇನ್ನು ಕೈಯಲ್ಲಿ ಇಲ್ಲದ್ದು.

ಜೋಡಿ ಬೀಳುವ ಅದೃಷ್ಟ

ಮೈದಾನದ ನಾಯಕ ತನ್ನ ಜೋಡಿಯನ್ನು ತಾನೇ ಆರಿಸುತ್ತಾನೆ. ಫ್ಯಾಂಟಸಿ ಲೀಗ್‌ನಲ್ಲಿ ನಮ್ಮ ಎದುರಾಳಿಯನ್ನು ಆರಿಸುವುದು ವೇಳಾಪಟ್ಟಿ ಅಥವಾ ಕಂಪ್ಯೂಟರ್. ಅಮೆರಿಕದ ಫುಟ್‌ಬಾಲ್ ಲೀಗ್‌ಗಳಲ್ಲಿ ವಾರಕ್ಕೊಬ್ಬ ಎದುರಾಳಿ ಎಂಬ ಪದ್ಧತಿ ಬಹಳ ಜನಪ್ರಿಯ. ಇಂಗ್ಲಿಷ್ ಪ್ರೀಮಿಯರ್ ಲೀಗ್‌ನ ಫ್ಯಾಂಟಸಿ ಆಟದಲ್ಲೂ ಗೆಳೆಯರು ಹೀಗೆ ಒಬ್ಬರಿಗೊಬ್ಬರು ಆಡಬಹುದು. ಅಲ್ಲಿ ಆ ವಾರ ನಿಮ್ಮ ಎದುರಾಳಿಗಿಂತ ಒಂದು ಅಂಕ ಹೆಚ್ಚು ಬಂದರೆ ಗೆಲುವು, ಒಂದು ಕಡಿಮೆಯಾದರೆ ಸೋಲು. ಉಳಿದವರೆಲ್ಲರಿಗಿಂತ ಮುಂದಿದ್ದರೂ ಅದು ಲೆಕ್ಕಕ್ಕಿಲ್ಲ.

ಒಂದು ಉದಾಹರಣೆ. ಅ, ಬ, ಕ, ಡ ಎಂಬ ನಾಲ್ವರು ಗೆಳೆಯರು ಮೂರು ವಾರ ಆಡುತ್ತಾರೆ ಎನ್ನೋಣ.

ಮೊದಲ ವಾರ: ಅ 410, ಬ 430. ಕ 300, ಡ 280. ಗೆದ್ದವರು ಬ ಮತ್ತು ಕ.
ಎರಡನೇ ವಾರ: ಅ 420, ಕ 435. ಬ 310, ಡ 290. ಗೆದ್ದವರು ಕ ಮತ್ತು ಬ.
ಮೂರನೇ ವಾರ: ಅ 415, ಡ 425. ಬ 320, ಕ 305. ಗೆದ್ದವರು ಡ ಮತ್ತು ಬ.

ಒಟ್ಟು ಅಂಕ ಕೂಡಿಸಿ. ಅ 1245, ಬ 1060, ಕ 1040, ಡ 995. ಎಲ್ಲರಿಗಿಂತ ಹೆಚ್ಚು ಅಂಕ ಅ ಪಡೆದಿದ್ದಾನೆ. ಆದರೆ ಗೆಲುವು ಸೊನ್ನೆ, ಸ್ಥಾನ ಕೊನೆಯದು. ಬ ಮೂರಕ್ಕೆ ಮೂರೂ ಗೆದ್ದು ಚಾಂಪಿಯನ್. ಆ ವಾರದ ಅತಿ ಹೆಚ್ಚು ಅಂಕ ಯಾರಿಗೆ ಬಂದಿತೋ ಅವನೇ ಪ್ರತಿ ಸಲ ಅ ಎದುರಿಗೆ ಬಂದು ನಿಂತ.

ಅದೃಷ್ಟವನ್ನು ಅಳೆಯುವುದು ಹೀಗೆ. ಪ್ರತಿ ವಾರ ಒಬ್ಬೊಬ್ಬರೂ ಉಳಿದ ಮೂವರ ಜೊತೆಗೂ ಆಡಿದ್ದರೆ ಎಷ್ಟು ಗೆಲ್ಲುತ್ತಿದ್ದರು ಎಂದು ಎಣಿಸಿ. ಅ ಪ್ರತಿ ವಾರ ಇಬ್ಬರಿಗಿಂತ ಮುಂದೆ; 9ರಲ್ಲಿ 6 ಗೆಲುವು. ಬ 5, ಕ 4, ಡ 3. ಇದನ್ನು 3ರಿಂದ ಭಾಗಿಸಿದರೆ ನ್ಯಾಯವಾಗಿ ಸಿಗಬೇಕಾದ ಗೆಲುವು ಗೊತ್ತಾಗುತ್ತದೆ. ಅ ಗೆ ಸಿಗಬೇಕಿದ್ದದ್ದು 2, ಸಿಕ್ಕಿದ್ದು 0. ಬ ಗೆ ಸಿಗಬೇಕಿದ್ದದ್ದು 1.67, ಸಿಕ್ಕಿದ್ದು 3. ಆ ವ್ಯತ್ಯಾಸವೇ ಜೋಡಿ ಬಿದ್ದ ಅದೃಷ್ಟ. ಡ ಗೆ ಮಾತ್ರ ಸಿಗಬೇಕಾದ ಒಂದೇ ಗೆಲುವು ಸಿಕ್ಕಿತು.

ನಿಜವಾದ ಐಪಿಎಲ್‌ನಲ್ಲೂ ಇದರ ನೆರಳಿದೆ. 10 ತಂಡಗಳು, ಒಂದೊಂದಕ್ಕೆ 14 ಲೀಗ್ ಪಂದ್ಯ. ಐದು ತಂಡಗಳ ಜೊತೆ ಎರಡೆರಡು ಸಲ, ನಾಲ್ಕರ ಜೊತೆ ಒಂದೊಂದೇ ಸಲ. ಬಲವಾದ ತಂಡ ಯಾರಿಗೆ ಎರಡು ಸಲ ಎದುರಾಯಿತು ಎಂಬುದರಲ್ಲೂ ಅದೃಷ್ಟ ಸೇರಿಕೊಳ್ಳುತ್ತದೆ.

ಜೋಡಿ ಆಟದ ಇನ್ನೊಂದು ಗುಟ್ಟು: ಇಬ್ಬರ ತಂಡದಲ್ಲೂ ಇರುವ ಆಟಗಾರನ ಅಂಕ ಒಂದಕ್ಕೊಂದು ವಜಾ ಆಗುತ್ತದೆ. ಫೈನಲ್ ದಿನ ಕೃನಾಲ್ ನನ್ನ ತಂಡದಲ್ಲಿದ್ದರು. 'ಎಂಥಾ ಆಯ್ಕೆ ಮಾಡಿದೆ' ಎಂದು ಬೀಗಿದ್ದೆ. ಆದರೆ ಎದುರಾಳಿಯ ತಂಡದಲ್ಲೂ ಅವರಿದ್ದರು. ನಮ್ಮಿಬ್ಬರ ನಡುವೆ ತೀರ್ಮಾನ ಮಾಡಿದ್ದು ಬೇರೆಯಾಗಿದ್ದ ಮೂರ್ನಾಲ್ಕು ಹೆಸರುಗಳು ಮಾತ್ರ. ಅಷ್ಟು ಕಡಿಮೆ ಹೆಸರುಗಳ ಮೇಲೆ ನಿಂತ ಆಟದಲ್ಲಿ ನಾಲ್ಕು ಎಸೆತ ಸಾಕು, ಎಲ್ಲ ತಲೆಕೆಳಗಾಗಲು.

ಇದು ಯಾಕೆ ಮುಖ್ಯ

ಒಂದು ಪಂದ್ಯದಲ್ಲಿ ಅದೃಷ್ಟದ ಕೈ ದೊಡ್ಡದು. 40, 50 ಪಂದ್ಯಗಳಾದ ಮೇಲೆ ಬುದ್ಧಿ ನಿಧಾನವಾಗಿ ಮೇಲೆ ಬರುತ್ತದೆ. ತೊಂದರೆ ಏನೆಂದರೆ, ಗೆದ್ದಾಗ ಎಲ್ಲರೂ 'ನನ್ನ ಬುದ್ಧಿ' ಎನ್ನುತ್ತಾರೆ, ಸೋತಾಗ 'ನನ್ನ ನಸೀಬು' ಎನ್ನುತ್ತಾರೆ. ಬ ಗೆಲುವಿನ ಅಮಲಿನಲ್ಲಿ ಮುಂದಿನ ವಾರ ಹಣ ಹೆಚ್ಚಿಸುತ್ತಾನೆ. ಅ ಸರಿಯಾಗಿದ್ದ ತಂಡವನ್ನು ಕೆಡಿಸಿಕೊಂಡು, ಹೋದದ್ದನ್ನು ವಾಪಸ್ ತರಲು ಇನ್ನಷ್ಟು ಹಾಕುತ್ತಾನೆ. ಇಬ್ಬರೂ ಒಂದೇ ಗುಂಡಿಗೆ ಬೀಳುತ್ತಾರೆ. ನಾನು ಆ 500 ಹಾಕಿದ್ದು ಸಹ ಅದಕ್ಕೂ ಹಿಂದಿನ ವಾರ 50 ಹಾಕಿ ಗೆದ್ದಿದ್ದರಿಂದಲೇ.

ಬುದ್ಧಿಯೋ ಅದೃಷ್ಟವೋ ಎಂಬ ಜಗಳ ನ್ಯಾಯಾಲಯಕ್ಕೂ ಹೋಗಿದೆ. ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು. ಕೌಶಲದ ಆಟವನ್ನು ಜೂಜಿನ ಜೊತೆ ಸೇರಿಸಲಾಗದು ಎಂಬ ನೆಲೆಯಲ್ಲಿ 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ನಿಷೇಧವನ್ನು ರದ್ದುಪಡಿಸಿತು. ಆಮೇಲೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಹೊಸ ಕಾಯ್ದೆ ಮಾಡಿತು. ಅದರ ಪ್ರಕಾರ ಕೌಶಲವಿರಲಿ, ಅದೃಷ್ಟವಿರಲಿ, ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟ ನಿಷಿದ್ಧ. ಹಣದ ಬಾಜಿ ಇಲ್ಲದ ಆಟಗಳಿಗೆ ಮತ್ತು ಇ-ಕ್ರೀಡೆಗೆ ಅಡ್ಡಿಯಿಲ್ಲ.

ಜೂಜು ಹರಾಮ್ ಎಂದು ನಮ್ಮಲ್ಲಿ ಹಲವರು ಚಿಕ್ಕಂದಿನಿಂದ ಮನೆಯಲ್ಲಿ ಕೇಳಿದ್ದೇವೆ. 'ಇದು ಜೂಜಲ್ಲ, ಕ್ರಿಕೆಟ್ ಜ್ಞಾನ' ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಜ್ಞಾನ ಇದ್ದದ್ದು ನಿಜ. ಆದರೆ ನಾನು ಹಣ ಕಟ್ಟಿದ್ದು ಜ್ಞಾನದ ಮೇಲಲ್ಲ, ಆ ರಾತ್ರಿ ಬಿದ್ದ ಜೋಡಿಯ ಮೇಲೆ.

ಆಟ ಬಿಡಿ ಎಂದು ನಾನು ಹೇಳುವುದಿಲ್ಲ. ಮುಂದಿನ ಐಪಿಎಲ್‌ಗೆ ಗೆಳೆಯರು ಸೇರಿ ಒಂದು ಪೈಸೆಯೂ ಇಲ್ಲದೆ ಲೀಗ್ ಮಾಡಿ. ನೋಟ್‌ಬುಕ್‌ನಲ್ಲಿ ಎರಡು ಪಟ್ಟಿ ಬರೆದಿಡಿ. ಒಂದರಲ್ಲಿ ಸಿಕ್ಕ ಗೆಲುವು, ಇನ್ನೊಂದರಲ್ಲಿ ಎಲ್ಲರ ಜೊತೆ ಆಡಿದ್ದರೆ ಸಿಗುತ್ತಿದ್ದ ಗೆಲುವು. ಸಂಖ್ಯಾಶಾಸ್ತ್ರ ಓದುವವರಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಬೇರೆ ಇಲ್ಲ. ಸೀಸನ್ ಮುಗಿದಾಗ ಮೊದಲ ಪಟ್ಟಿಯ ಚಾಂಪಿಯನ್‌ಗೆ ಒಂದು ಚಹಾ ಕುಡಿಸಿ, ಎರಡನೇ ಪಟ್ಟಿಯಲ್ಲಿ ಮೊದಲು ಬಂದವನಿಗೂ ಒಂದು ಚಹಾ ಕುಡಿಸಿ.

ಆ ಬಕ್ರೀದ್‌ಗೆ ನಾನು ಹಳೆಯ ಬಟ್ಟೆಯಲ್ಲೇ ನಮಾಜಿಗೆ ಹೋದೆ. ಅಬ್ಬಾ ನೋಡಿದರು, ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅನಿಸುತ್ತದೆ.