ನೀರು ತಗುಲಿದಾಗ ಎಚ್ಚರಾಗುವ ಜೇನು

ಹಂಪಾಪುರದ ಬಸ್ ನಿಲ್ದಾಣದ ಹತ್ತಿರ, ಬೇಸಿಗೆ ಮುಗಿಯುವ ಹೊತ್ತಿನಲ್ಲಿ, ಹೆಜ್ಜೇನು ತುಪ್ಪ ಮಾರುತ್ತಿದ್ದ ಅಜ್ಜ ಒಬ್ಬರು ಸಿಕ್ಕಿದ್ದರು. ಸೀಸೆ ಓರೆ ಮಾಡಿದರೆ ಒಳಗಿನದು ನೀರಿನಂತೆ ಓಡುತ್ತಿತ್ತು. "ಒಂದ್ಸಲ ಕಾಯಿಸಿ ಗಟ್ಟಿ ಮಾಡಬಾರದಾ ಅಜ್ಜ?" ಎಂದೆ. "ಕಾಯಿಸುದ್ರೆ ಪಾಕ ಆಯ್ತದೆ ಕಣವ್ವ, ಜೇನಾಗಿ ಉಳಿಯಕಿಲ್ಲ" ಎಂದರು. ಪಾಕಕ್ಕೂ ಜೇನಿಗೂ ಇರುವ ಆ ವ್ಯತ್ಯಾಸ ಏನೆಂದು ಪ್ರಯೋಗಾಲಯಗಳು ಕಂಡುಕೊಂಡ ಕತೆ ದೊಡ್ಡದು.

ಗಾಯಕ್ಕೆ ಜೇನು ಹಚ್ಚುವುದು ಸುಶ್ರುತನ ಕಾಲದಿಂದ ಬಂದದ್ದು. ಅದು ಯಾಕೆ ಕೆಲಸ ಮಾಡುತ್ತದೆ ಎಂದರೆ ಸುಲಭದ ಉತ್ತರವೊಂದು ಇತ್ತು: ಜೇನು ತುಂಬ ಸಿಹಿ, ಉಪ್ಪಿನಕಾಯಿಯಲ್ಲಿ ಉಪ್ಪು ಮಾಡುವ ಕೆಲಸವನ್ನು ಇಲ್ಲಿ ಸಕ್ಕರೆ ಮಾಡುತ್ತದೆ, ರೋಗಾಣುವಿನೊಳಗಿನ ನೀರನ್ನು ಹೀರಿಬಿಡುತ್ತದೆ. ಜೊತೆಗೆ ಜೇನು ಹುಳಿಯೂ ಹೌದು. ಇದು ಸುಳ್ಳಲ್ಲ. ಆದರೆ ಇಷ್ಟೇ ಆಗಿದ್ದರೆ ನೀರು ಬೆರೆಸಿದ ಜೇನಿನಲ್ಲಿ ಆ ಗುಣ ಬೇಗ ಇಲ್ಲವಾಗಬೇಕಿತ್ತು. ಹಾಗಾಗಲಿಲ್ಲ.

1937ರಲ್ಲಿ ಜರ್ಮನಿಯ ಡೋಲ್ಡ್ ಮತ್ತು ಸಂಗಡಿಗರು ಜೇನಿನಲ್ಲಿ ಸಕ್ಕರೆಯಲ್ಲದೆ ರೋಗಾಣುಗಳನ್ನು ತಡೆಯುವ ಬೇರೇನೋ ಇದೆ ಎಂದು ತೋರಿಸಿದರು. ಬಿಸಿ ತಾಗಿದರೆ ಅದು ಸಾಯುತ್ತಿತ್ತು, ಬೆಳಕಿಗಿಟ್ಟರೂ ಕುಗ್ಗುತ್ತಿತ್ತು. ಏನೆಂದು ಗೊತ್ತಿಲ್ಲದೆಯೇ ಅದಕ್ಕೆ 'ಇನ್‌ಹಿಬಿನ್' ಎಂದು ಹೆಸರಿಟ್ಟರು. ನಾಲ್ಕು ವರ್ಷದ ಮೇಲೆ, 1941ರಲ್ಲಿ, ಜರ್ಮನಿಯಲ್ಲೇ ಗೌಹೆ ಎಂಬ ಸಂಶೋಧಕರು ಜೇನುಹುಳದ ತಲೆಯೊಳಗಿನ ಗ್ರಂಥಿಯಲ್ಲಿ ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವವನ್ನು ಕಂಡರು. ಬೀಗ ಒಬ್ಬರ ಕೈಯಲ್ಲಿ, ಬೀಗದಕೈ ಇನ್ನೊಬ್ಬರ ಕೈಯಲ್ಲಿ. ಎರಡನ್ನೂ ಸೇರಿಸಲು ಮತ್ತೆ ಎರಡು ದಶಕ ಬೇಕಾಯಿತು.

ಸೇರಿಸಿದವರು ಅಮೆರಿಕದ ಕೃಷಿ ಇಲಾಖೆಯ ಪ್ರಯೋಗಾಲಯದಲ್ಲಿದ್ದ ಜೊನಾಥನ್ ವೈಟ್ ಮತ್ತು ಜೊತೆಗಾರರು. 1963ರಲ್ಲಿ ಅವರು ಪ್ರಕಟಿಸಿದ ಉತ್ತರ ಕೇಳಿ: ಇನ್‌ಹಿಬಿನ್ ಎಂದರೆ ಹೈಡ್ರೋಜನ್ ಪೆರಾಕ್ಸೈಡ್. ಆಸ್ಪತ್ರೆಯಲ್ಲಿ ಗಾಯ ತೊಳೆದಾಗ ನೊರೆ ಬರುತ್ತದಲ್ಲ, ಅದೇ. ಹೂವಿನ ರಸವನ್ನು ಹೊಟ್ಟೆಯಲ್ಲಿ ತುಂಬಿ ತಂದು ಗೂಡಿಗೆ ಇಳಿಸುವಾಗ ಹುಳ ತನ್ನ ಕಿಣ್ವವನ್ನೂ ಬೆರೆಸುತ್ತದೆ. ತುಪ್ಪ ಮಾಗಿ ಗಟ್ಟಿಯಾದಂತೆ ಕಿಣ್ವ ನಿದ್ದೆಗೆ ಜಾರುತ್ತದೆ. ಗಾಯದ ರಸ ತಾಗಿ ಜೇನು ತೆಳುವಾದೊಡನೆ ಎದ್ದು, ಗ್ಲೂಕೋಸನ್ನು ಮಾರ್ಪಡಿಸಿ ಪೆರಾಕ್ಸೈಡನ್ನು ತೊಟ್ಟುತೊಟ್ಟಾಗಿ ಬಿಡತೊಡಗುತ್ತದೆ. ಸೀಸೆಯಲ್ಲಿ ಸಿಗುವ ಶೇ 3ರ ಪೆರಾಕ್ಸೈಡಿಗಿಂತ ಅದು ಸುಮಾರು ಸಾವಿರ ಪಟ್ಟು ಸಪ್ಪೆ. ಹಾಗಾಗಿಯೇ ಹೊಸ ಚರ್ಮವನ್ನು ಸುಡುವುದಿಲ್ಲ. ನೀರು ಬೆರೆತರೆ ಜೋರಾಗುವ ಮದ್ದು! ಇದನ್ನು ಮೊದಲು ಓದಿದ ದಿನ ನನಗೆ ಆ ಅಜ್ಜನ ಸೀಸೆಯೇ ಕಣ್ಮುಂದೆ ಬಂತು. ಕಾಯಿಸಿದರೆ ಉಳಿಯುವುದು ಸಿಹಿ ಮಾತ್ರ.

ಮನುಷ್ಯರ ಮೇಲಿನ ಪರೀಕ್ಷೆಯ ಕತೆ ನಮ್ಮ ಗಡಿಯಲ್ಲೇ ಇದೆ. ಬೀದಿಬೀದಿಯಲ್ಲಿ ಕನ್ನಡ ಕೇಳುವ ಸೊಲ್ಲಾಪುರದಲ್ಲಿ, ಅಲ್ಲಿನ ವೈದ್ಯಕೀಯ ಕಾಲೇಜಿನ ಡಾ. ಎಂ. ಸುಬ್ರಹ್ಮಣ್ಯಂ ಸುಟ್ಟಗಾಯದ 104 ರೋಗಿಗಳನ್ನು ಎರಡು ಪಾಲು ಮಾಡಿದರು. 52 ಮಂದಿಗೆ ಜೇನು, ಉಳಿದ 52 ಮಂದಿಗೆ ಆಗ ಎಲ್ಲೆಡೆ ಬಳಸುತ್ತಿದ್ದ ಸಿಲ್ವರ್ ಸಲ್ಫಾಡಯಜಿನ್ ಮುಲಾಮು. 1991ರಲ್ಲಿ ಬ್ರಿಟನ್ನಿನ ಶಸ್ತ್ರಚಿಕಿತ್ಸಾ ಪತ್ರಿಕೆಯಲ್ಲಿ ಫಲಿತಾಂಶ ಬಂತು: ಏಳು ದಿನದೊಳಗೆ ಜೇನು ಹಚ್ಚಿದವರಲ್ಲಿ ಶೇ 91ರಷ್ಟು ಗಾಯಗಳು ಸೋಂಕಿಲ್ಲದೆ ಶುದ್ಧವಾಗಿದ್ದವು, ಮುಲಾಮಿನವರಲ್ಲಿ ಶೇ 7 ಮಾತ್ರ. ನಾನು ಸುಬ್ರಹ್ಮಣ್ಯಂ ಅವರನ್ನು ಹೆಚ್ಚು ಗೌರವಿಸುವುದು ಇದಕ್ಕಲ್ಲ. 1999ರಲ್ಲಿ, ಮಧ್ಯಮ ಪ್ರಮಾಣದ ಸುಟ್ಟಗಾಯಗಳಿಗೆ ಜೇನಿಗಿಂತ ಬೇಗ ಶಸ್ತ್ರಚಿಕಿತ್ಸೆ ಮಾಡಿ ಚರ್ಮ ಕಸಿ ಮಾಡುವುದೇ ಮೇಲು ಎಂದು ತೋರಿಸಿ ಬರೆದವರೂ ಅವರೇ. ತಾನು ಮೆಚ್ಚಿದ ಮದ್ದಿನ ಎಲ್ಲೆ ತಾನೇ ಗುರುತಿಸುವುದು ಸಣ್ಣ ಮಾತಲ್ಲ.

ಪೆರಾಕ್ಸೈಡಿಗೇ ಕತೆ ಮುಗಿಯಲಿಲ್ಲ. ವೇಲ್ಸ್‌ನ ಕಾರ್ಡಿಫ್‌ನಲ್ಲಿ 2003ರಲ್ಲಿ, ಜೇನು ನಮ್ಮ ರಕ್ತದ ಮಾನೊಸೈಟ್ ಕಣಗಳನ್ನು ಕೆರಳಿಸಿ, ರೋಗನಿರೋಧಕ ಪಡೆಯನ್ನು ಕರೆಯುವ ಸಂದೇಶವಸ್ತುಗಳನ್ನು ಬಿಡಿಸುತ್ತದೆ ಎಂದು ಕಂಡರು. ಇದು ಗಾಜಿನ ತಟ್ಟೆಯಲ್ಲಿ ಕಂಡದ್ದು, ದಿನಕ್ಕೊಂದು ಚಮಚ ತಿಂದರೆ ರೋಗವೇ ಬಾರದು ಎಂಬ ಜಾಹೀರಾತಿಗೆ ಆಧಾರವಲ್ಲ. 2010ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನವರು ಜೇನಿನ ಒಳಗೆ ಡಿಫೆನ್ಸಿನ್-1 ಎಂಬ ಪ್ರೋಟೀನು ಹುಡುಕಿದರು. ಹುಳ ತನ್ನನ್ನು ರೋಗದಿಂದ ಕಾಪಾಡಿಕೊಳ್ಳಲು ಮಾಡಿಕೊಳ್ಳುವ ಅಸ್ತ್ರ ಅದು. ತನ್ನ ರಕ್ಷಣೆಯ ಒಂದು ಪಾಲನ್ನು ಹುಳ ಊಟಕ್ಕೂ ಬೆರೆಸಿಡುತ್ತದೆ.

ನಮ್ಮ ಹೆಜ್ಜೇನಿನ ತೊಂದರೆ ಇರುವುದು ಇಲ್ಲಿ. ಅದರಲ್ಲಿ ನೀರಿನಂಶ ಶೇ 20 ದಾಟುವುದು ಸಾಮಾನ್ಯ, ಹುಳಿಯೆದ್ದು ಬಿರಡೆ ಹಾರುತ್ತದೆ. ಅದಕ್ಕೇ ಅಂಗಡಿಗೆ ಹೋಗುವ ಮುಂಚೆ ಅದನ್ನು ಬಿಸಿ ಮಾಡುತ್ತಾರೆ, ಕಿಣ್ವ ಸಾಯುತ್ತದೆ. ಹಾಗೆಂದು ಹಸಿ ಜೇನನ್ನು ನೇರ ಗಾಯಕ್ಕೆ ಸುರಿಯುವುದೂ ಸರಿಯಲ್ಲ, ಅದರಲ್ಲಿ ರೋಗಾಣುಗಳ ಬೀಜಕಣ ಇರಬಹುದು. ಒಂದು ವರ್ಷದೊಳಗಿನ ಮಗುವಿಗೆ ನೆಕ್ಕಿಸಲೇಬಾರದು ಎನ್ನುವುದೂ ಅದಕ್ಕೇ. ಆಸ್ಪತ್ರೆಗೆ ಬರುವ ಜೇನನ್ನು ಗಾಮಾ ಕಿರಣದಲ್ಲಿ ಶುದ್ಧ ಮಾಡುತ್ತಾರೆ. ಬೀಜಕಣ ಸಾಯುತ್ತವೆ, ಕಿಣ್ವ ಬದುಕುತ್ತದೆ.

ಅಜ್ಜನಿಂದ ಕೊಂಡ ಸೀಸೆಯನ್ನು ಮೊದಲು ಅಡುಗೆಮನೆಯ ಕಿಟಕಿಯಲ್ಲಿಟ್ಟಿದ್ದೆ, ಬಿಸಿಲಿಗೆ ಬಣ್ಣ ಚೆನ್ನಾಗಿ ಕಾಣುತ್ತದೆಂದು. ಈಗ ಅದು ಕತ್ತಲೆಯ ಅಟ್ಟದಲ್ಲಿ, ಅಕ್ಕಿ ಡಬ್ಬದ ಹಿಂದೆ ಇದೆ.