ನ್ಯಾರೋ ಗೇಜ್ ಹೋಯ್ತು, ಸ್ಟೇಷನ್ ಉಳೀತು

ಭಾನುವಾರ ಬೆಳಗ್ಗೆ ನಂದಿ ಬೆಟ್ಟಕ್ಕೆ ಕಾರು ತಗೊಂಡು ಹೋಗಿ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡವರಿಗೆ ನನ್ನದೊಂದು ಪ್ರಶ್ನೆ. ಬೆಟ್ಟದ ತಪ್ಪಲಲ್ಲೇ ಒಂದು ರೈಲ್ವೆ ಸ್ಟೇಷನ್ ಇದೆ, ನೋಡಿದ್ದೀರಾ? ನಂದಿ ಹಾಲ್ಟ್ ಅಂತ ಹೆಸರು. ಕಲ್ಲಿನ ಗೋಡೆ, ಹೆಂಚಿನ ಮಾಡು, ಸುತ್ತ ಮರ, ಹಿಂದೆ ಬೆಟ್ಟ. ನೂರು ವರ್ಷ ದಾಟಿದ ಕಟ್ಟಡ. ಮೊದಲ ಸಲ ನಾನು ಹೋದಾಗ ಅಲ್ಲಿ ಇದ್ದದ್ದು ನಾನು, ನಮ್ಮ ಕ್ಯಾಮೆರಾಮನ್ ಮತ್ತು ಎರಡು ಮೇಕೆ. ಆ ಮೇಕೆಗಳ ಪಕ್ಕ ಕೂತಾಗ ತಲೆಗೆ ಬಂದ ವಿಷಯವನ್ನೇ ಇವತ್ತು ನಿಮ್ಮ ಮುಂದೆ ಇಡ್ತಿದ್ದೀನಿ.

ಕೋಲಾರದ ಹಿರಿಯರನ್ನ ಕೇಳಿ, ಸಣ್ಣ ರೈಲು ಅಂದ ತಕ್ಷಣ ಮುಖ ಅರಳುತ್ತೆ. ಬಂಗಾರಪೇಟೆಯಿಂದ ಕೋಲಾರಕ್ಕೆ ಈ ಸಣ್ಣ ರೈಲು ಬಂದದ್ದು 1913ರಲ್ಲಿ. ಬಂಗಾರಪೇಟೆ ಆಗಿನ್ನೂ ಬೌರಿಂಗ್‌ಪೇಟೆ, ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಸಾಹೇಬರ ಹೆಸರು. ಮುಂದಿನ ಕೆಲವೇ ವರ್ಷಗಳಲ್ಲಿ ಅದು ಶ್ರೀನಿವಾಸಪುರ, ದಳಸನೂರು, ಚಿಂತಾಮಣಿ, ಶಿಡ್ಲಘಟ್ಟ ಹಾದು ಚಿಕ್ಕಬಳ್ಳಾಪುರ ಮುಟ್ಟಿತು. ಆ ಕಡೆಯಿಂದ ಬೆಂಗಳೂರು, ಯಲಹಂಕ, ದೇವನಹಳ್ಳಿ ದಾಟಿ ಇನ್ನೊಂದು ಸಣ್ಣ ಹಳಿ ಬಂತು. ಎರಡೂ ಕೂಡಿ ಒಂದು ದೊಡ್ಡ ಕಮಾನಾಯಿತು. ಮಾಲೂರಿಗೆ ಈ ಭಾಗ್ಯ ಬೇಕಿರಲಿಲ್ಲ, ಯಾಕಂದ್ರೆ 1864ರಲ್ಲೇ ಜೋಲಾರ್‌ಪೇಟೆಯಿಂದ ಬೆಂಗಳೂರಿಗೆ ಬಂದ ದೊಡ್ಡ ಹಳಿ ಅಲ್ಲೇ ಹಾದುಹೋಗಿತ್ತು. ಮುಳಬಾಗಿಲಿಗೆ ಆಗಲೂ ರೈಲಿಲ್ಲ, ಇವತ್ತಿಗೂ ಇಲ್ಲ. ಅದರ ಬಗ್ಗೆ ಇನ್ನೊಂದು ದಿನ ಜಗಳ ಆಡೋಣ.

ಸಣ್ಣ ಹಳಿ ಅಂದ್ರೆ ಎಷ್ಟು ಸಣ್ಣದು? ಎರಡು ಕಂಬಿಗಳ ನಡುವಿನ ಅಂತರ ಎರಡೂವರೆ ಅಡಿ, 762 ಮಿಲಿಮೀಟರ್. ಮೀಟರ್ ಗೇಜ್‌ನಲ್ಲಿ ಇದು 1000, ಬ್ರಾಡ್ ಗೇಜ್‌ನಲ್ಲಿ 1676. ಹಳಿ ಸಣ್ಣದಾದ್ರೆ ಕಂಬಿ ಹಗುರ, ಸೇತುವೆ ಚಿಕ್ಕದು, ತಿರುವು ಗಟ್ಟಿ ತೆಗೆದರೂ ನಡೆಯುತ್ತೆ, ಖರ್ಚು ಕಡಿಮೆ. ಕೆರೆ ಏರಿ, ಬಂಡೆ, ಹುಣಸೆ ತೋಪುಗಳ ನಡುವೆ ನುಸುಳಿಕೊಂಡು ಹೋಗೋಕೆ ಇಂಥದ್ದೇ ಸರಿ. ದೊಡ್ಡ ಹಳಿಯೇ ಬೇಕು ಅಂತ ಕಾದಿದ್ದರೆ ಚಿಂತಾಮಣಿಗೆ ಆ ಕಾಲದಲ್ಲಿ ರೈಲು ಬರ್ತಾನೇ ಇರಲಿಲ್ಲ.

ಆದರೆ ಅದನ್ನ ಹುಟ್ಟಿಸಿದ ಕಾರಣವೇ ಅದನ್ನ ಕೊಂದಿತು. ಹೇಗೆ ಅಂತೀರಾ? ಮದರಾಸಿನಿಂದ ಒಂದು ಮೂಟೆ ಚಿಂತಾಮಣಿಗೆ ಹೊರಟಿದೆ ಅಂತ ಇಟ್ಕೊಳ್ಳಿ. ಬಂಗಾರಪೇಟೆವರೆಗೆ ದೊಡ್ಡ ವ್ಯಾಗನ್‌ನಲ್ಲಿ ಬರುತ್ತೆ. ಆ ವ್ಯಾಗನ್ ಸಣ್ಣ ಹಳಿ ಮೇಲೆ ನಿಲ್ಲೋದಿಲ್ಲ. ಕೂಲಿಯವರು ಇಳಿಸಬೇಕು, ಪುಟಾಣಿ ವ್ಯಾಗನ್‌ಗೆ ಮತ್ತೆ ಹೇರಬೇಕು. ಮೂಟೆ ಹರಿಯುತ್ತೆ, ದಿನ ಹೋಗುತ್ತೆ, ಕೂಲಿ ಎರಡೆರಡು ಸಲ. ಲಾರಿ ಬಂದ ಮೇಲೆ ಈ ತಾಪತ್ರಯ ಯಾರಿಗೆ ಬೇಕು ಹೇಳಿ? ಜನರೂ ಬಸ್ಸು ಹತ್ತಿದರು. ಓಡುವ ರೈಲಿನಿಂದ ಇಳಿದು ಮತ್ತೆ ಹತ್ತಬಹುದಿತ್ತು ಅನ್ನೋ ಮಾತನ್ನ ಆ ಕಡೆಯವರು ಇವತ್ತಿಗೂ ನಗ್ತಾ ಹೇಳ್ತಾರೆ. ಆ ನಗುವಿನಲ್ಲೇ ಅದರ ವೇಗ ಎಷ್ಟಿತ್ತು ಅನ್ನೋದು ಗೊತ್ತಾಗಿಬಿಡುತ್ತೆ.

1992ರಲ್ಲಿ ದೇಶಕ್ಕೆಲ್ಲ ಒಂದೇ ಹಳಿ ಅನ್ನೋ ಯೂನಿಗೇಜ್ ಯೋಜನೆ ಶುರುವಾಯ್ತು. ನಮ್ಮ ಸಣ್ಣ ಹಳಿಯನ್ನ ತುಂಡು ತುಂಡಾಗಿ ಕಿತ್ತರು. ಕೋಲಾರ–ಚಿಕ್ಕಬಳ್ಳಾಪುರದ ತುಂಡು ದೊಡ್ಡ ಹಳಿಯಾಗಿ ತೆರೆದದ್ದು 2013ರಲ್ಲಿ. ನಡುವೆ ಕೋಲಾರ–ಬಂಗಾರಪೇಟೆ ಮಧ್ಯೆ ರೈಲ್ ಬಸ್ ಅನ್ನೋ ಒಂದು ವಿಚಿತ್ರ ವಾಹನ ಓಡಾಡಿತ್ತು, ನೆನಪಿದೆಯಾ? ಬಸ್ಸಿಗೆ ರೈಲಿನ ಚಕ್ರ ಹಾಕಿದ ಹಾಗೆ. ಅದೂ ಹೋಯ್ತು.

ಹಳಿ ಬದಲಿಸಿದ್ದು ತಪ್ಪು ಅಂತ ನಾನು ಹೇಳೋದಿಲ್ಲ. ಶ್ರೀನಿವಾಸಪುರದ ಹುಡುಗ ಬೆಂಗಳೂರಿಗೆ ಕೆಲಸಕ್ಕೆ ಹೋಗಬೇಕಾದರೆ ಅವನಿಗೆ ಬೇಕಿರೋದು ದೊಡ್ಡ ರೈಲು, ಹೊಗೆ ಬಿಡುವ ಆಟಿಕೆ ಅಲ್ಲ. ನನ್ನ ತಕರಾರು ಬೇರೆ. ನೂರಾರು ಮೈಲಿ ಕೀಳುವಾಗ ಐದು ಮೈಲಿ ಬಿಡೋಣ ಅಂತ ಯಾಕೆ ಯಾರಿಗೂ ಅನ್ನಿಸಲಿಲ್ಲ?

ಬ್ರಿಟನ್ನಿನ ವೇಲ್ಸ್‌ನಲ್ಲಿ ತಾಲಿಲಿನ್ ಅಂತ ಒಂದು ರೈಲ್ವೆ ಇದೆ. ನಮ್ಮದಕ್ಕಿಂತಲೂ ಸಣ್ಣ ಹಳಿ, ಎರಡು ಅಡಿ ಮೂರು ಇಂಚು. ಕಲ್ಲುಗಣಿಯಿಂದ ಸ್ಲೇಟು ಸಾಗಿಸೋಕೆ 1860ರ ದಶಕದಲ್ಲಿ ಹಾಕಿದ್ದು. 1946ರಲ್ಲಿ ಗಣಿ ಕುಸಿದು ಮುಚ್ಚಿತು. ಆದರೂ ಮಾಲೀಕರು, ಹೆನ್ರಿ ಹೇಡನ್ ಜೋನ್ಸ್ ಅಂತ, ನಾನು ಬದುಕಿರೋ ತನಕ ರೈಲು ಓಡುತ್ತೆ ಅಂತ ಹಠ ಹಿಡಿದು ಓಡಿಸಿದರು. 1950ರಲ್ಲಿ ಅವರು ತೀರಿಕೊಂಡಾಗ ಹಳಿಯ ಸ್ಥಿತಿ ಹೇಗಿತ್ತು ಗೊತ್ತಾ? ಸ್ಲೀಪರ್‌ಗಳು ಕೊಳೆತು ಹೋಗಿದ್ದವು, ಕಂಬಿಗಳನ್ನ ಜಾಗದಲ್ಲಿ ಹಿಡಿದಿಟ್ಟಿದ್ದದ್ದು ಬೆಳೆದ ಹುಲ್ಲು! ಹುಲ್ಲು ಕಿತ್ತರೆ ಹಳಿ ಅಗಲವಾಗುತ್ತೆ ಅನ್ನೋ ಪರಿಸ್ಥಿತಿ. ನೆಟ್ಟಗೆ ಓಡುವ ಎಂಜಿನ್ ಒಂದೇ ಒಂದು.

ಆಗ ಟಾಮ್ ರೋಲ್ಟ್ ಅನ್ನೋ ಲೇಖಕ ಬರ್ಮಿಂಗ್‌ಹ್ಯಾಮ್‌ನಲ್ಲಿ ಆಸಕ್ತರ ಸಭೆ ಕರೆದರು. ಸಂಘ ಆಯ್ತು. 1951ರ ಮೇ 14ರಂದು ಆ ಸಂಘದವರೇ ರೈಲು ಓಡಿಸಿದರು. ಸ್ವಯಂಸೇವಕರು ಉಳಿಸಿ ನಡೆಸಿದ ಜಗತ್ತಿನ ಮೊದಲ ರೈಲ್ವೆ ಅದು. ಇವತ್ತಿಗೂ ಓಡ್ತಿದೆ.

ಅದು ನಡೆಯೋದು ಹೇಗೆ ಅನ್ನೋದೇ ನನಗೆ ಹೆಚ್ಚು ಕುತೂಹಲ. ಹಬೆ ಎಂಜಿನ್ ಕಾರಿನ ಹಾಗೆ ಕೀಲಿ ತಿರುಗಿಸಿದ್ರೆ ಹೊರಡೋದಿಲ್ಲ. ಹತ್ತು ಗಂಟೆ ರೈಲಿಗೆ ಬೆಳಗಿನ ಜಾವವೇ ಒಬ್ಬರು ಬಂದು ಒಲೆ ಹಚ್ಚಬೇಕು. ಬಾಯ್ಲರ್ ನಿಧಾನವಾಗಿ ಕಾಯಬೇಕು, ಅವಸರ ಮಾಡಿದ್ರೆ ಲೋಹ ಸೀಳುತ್ತೆ. ಸೇರಿದ ದಿನವೇ ಯಾರೂ ಡ್ರೈವರ್ ಆಗೋದಿಲ್ಲ. ಮೊದಲು ಎಂಜಿನ್ ಒರೆಸುವ ಕೆಲಸ, ಆಮೇಲೆ ಬೆಂಕಿ ನೋಡಿಕೊಳ್ಳುವ ಫೈರ್‌ಮನ್, ವರ್ಷಗಳ ನಂತರ ಪರೀಕ್ಷೆ ಪಾಸಾದ್ರೆ ಡ್ರೈವರ್. ವಾರವಿಡೀ ಬ್ಯಾಂಕಿನಲ್ಲಿ ಕೂರುವವರು ಶನಿವಾರ ಹಳಿಗೆ ಜಲ್ಲಿ ತುಂಬುತ್ತಾರೆ. ನಿವೃತ್ತ ಮೇಷ್ಟ್ರು ಟಿಕೆಟ್ ಕೊಡ್ತಾರೆ. ಹಾಗಂತ ಎಲ್ಲವೂ ಬಿಟ್ಟಿ ಸೇವೆಯಲ್ಲ. ಸಂಬಳದ ನುರಿತ ಕೆಲಸಗಾರರೂ ಕೆಲವರು ಇರಲೇಬೇಕು, ಸುರಕ್ಷತೆಗೆ ಸರ್ಕಾರದ ನಿಗಾ ಇದ್ದೇ ಇರುತ್ತೆ. ಹತ್ತು ವರ್ಷಕ್ಕೊಮ್ಮೆ ಬಾಯ್ಲರ್ ಬಿಚ್ಚಿ ಪೂರ್ತಿ ರಿಪೇರಿ ಮಾಡೋದು ಅಲ್ಲಿನ ರೂಢಿ, ಆ ಖರ್ಚಿನಲ್ಲೇ ಎಷ್ಟೋ ಸಂಘಗಳ ಬೆನ್ನು ಮುರಿಯುತ್ತೆ. ದುಡ್ಡು ಬರೋದು ಟಿಕೆಟ್ಟು, ಸದಸ್ಯತ್ವ, ದೇಣಿಗೆ, ಟೀ ಅಂಗಡಿಯಿಂದ. ಟೀ ಅಂಗಡಿಯನ್ನ ಹಗುರವಾಗಿ ನೋಡಬೇಡಿ.

ನಮ್ಮಲ್ಲಿ? ಡಾರ್ಜಿಲಿಂಗ್‌ಗೆ 1999ರಲ್ಲಿ, ನೀಲಗಿರಿಗೆ 2005ರಲ್ಲಿ, ಕಾಲ್ಕಾ–ಶಿಮ್ಲಾಗೆ 2008ರಲ್ಲಿ ಯುನೆಸ್ಕೋ ಪಟ್ಟ ಸಿಕ್ಕಿತು. ಮೂರನ್ನೂ ನಡೆಸೋದು ಭಾರತೀಯ ರೈಲ್ವೆಯೇ. ಹಳಿ ಅದರದ್ದು, ಎಂಜಿನ್ ಅದರದ್ದು, ಸಿಬ್ಬಂದಿ ಅದರದ್ದು. ಹೊರಗಿನವನು ಬಂದು ನಾನೂ ಕಲ್ಲಿದ್ದಲು ಹಾಕ್ತೀನಿ ಅಂದ್ರೆ ಜಾಗ ಎಲ್ಲಿದೆ? ಹೀಗಾಗಿ ನಮ್ಮ ಕಡೆ ಆಸಕ್ತರ ಕೈಗೆ ಎಟುಕಿದ್ದು ಓಡುವ ರೈಲಲ್ಲ, ನಿಂತ ಕಟ್ಟಡ. ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಘಟಕ ಈ ಹಳೇ ದಾರಿಯ ನಾಲ್ಕು ಸ್ಟೇಷನ್‌ಗಳನ್ನ ಉಳಿಸುವ ಕೆಲಸಕ್ಕೆ ಕೈಹಾಕಿತು. ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್. ಪಾಳುಬಿದ್ದ ಕಟ್ಟಡಕ್ಕೆ ಸಿಮೆಂಟು ಬಳಿದು ಗ್ರಾನೈಟ್ ಅಂಟಿಸುವ ನಮ್ಮ ಅಭ್ಯಾಸ ಗೊತ್ತಲ್ಲ, ಅದಕ್ಕೆ ಹೋಲಿಸಿದರೆ ಇದು ದೊಡ್ಡ ಸಮಾಧಾನ. ಮೇಕೆಗಳಿಗೆ ಇನ್ನು ಬೇರೆ ಜಾಗ ನೋಡಿಕೊಳ್ಳಬೇಕು.

ಆದರೆ ಆ ನಾಲ್ಕು ಹೆಸರನ್ನ ಇನ್ನೊಮ್ಮೆ ಓದಿ. ನಾಲ್ಕೂ ಬೆಂಗಳೂರಿನಿಂದ ವಾರಾಂತ್ಯಕ್ಕೆ ಹೋಗಿಬರುವ ದೂರದಲ್ಲಿವೆ, ವಿಮಾನ ನಿಲ್ದಾಣದ ಆಸುಪಾಸಿನಲ್ಲಿವೆ. ಈಗಿನ ಕೋಲಾರ ಜಿಲ್ಲೆಯದ್ದು ಒಂದೂ ಇಲ್ಲ. ಸಣ್ಣ ರೈಲು ಮೊದಲು ಬಂದದ್ದು ಕೋಲಾರಕ್ಕೆ, ನೆನಪು ಉಳಿಸಿಕೊಂಡದ್ದು ಬೆಂಗಳೂರಿನ ಕಡೆಯ ತುದಿ. ಶ್ರೀನಿವಾಸಪುರಕ್ಕೆ ಕೋಚ್ ಫ್ಯಾಕ್ಟರಿ ಬರುತ್ತೆ ಅಂತ ವರ್ಷಗಟ್ಟಲೆ ಕೇಳಿದೆವು. ಕಾರ್ಖಾನೆ ತರೋದು ನನ್ನ ನಿಮ್ಮ ಕೈಲಿಲ್ಲ, ಸರಿ. ಆದರೆ ಆ ರೈಲಿನಲ್ಲಿ ಕಲ್ಲಿದ್ದಲು ಎಸೆದವರು, ಪಾಯಿಂಟ್ ತಿರುಗಿಸಿದವರು, ಬಂಗಾರಪೇಟೆಯಲ್ಲಿ ಮೂಟೆ ಹೊತ್ತವರು ಇನ್ನೂ ಕೆಲವರು ನಮ್ಮ ನಡುವೆ ಇದ್ದಾರೆ. ಎಲ್ಲರಿಗೂ ವಯಸ್ಸಾಗಿದೆ. ಅವರ ಎದುರು ಒಂದು ಮೊಬೈಲ್ ಇಟ್ಟು ರೆಕಾರ್ಡ್ ಒತ್ತೋಕೆ ರೈಲ್ವೆ ಬೋರ್ಡಿನ ಅನುಮತಿ ಬೇಕಿಲ್ಲ.

ಇದನ್ನ ಹೇಳಿದ ರಾತ್ರಿ ಕೋಲಾರದ ವೀಕ್ಷಕರೊಬ್ಬರು ಫೋನ್ ಮಾಡಿದ್ರು. ತಮ್ಮ ತಂದೆಯ ಟ್ರಂಕಿನಲ್ಲಿ ಕೋಲಾರದಿಂದ ಚಿಂತಾಮಣಿಗೆ ತೆಗೆದ ರಟ್ಟಿನ ಟಿಕೆಟ್ ಒಂದಿದೆಯಂತೆ. ತುದಿ ಕತ್ತರಿಸಿಲ್ಲವಂತೆ. ಅಂದ್ರೆ ಟಿಕೆಟ್ ತಗೊಂಡು ರೈಲು ಹತ್ತಲಿಲ್ಲವೋ, ಇಲ್ಲಾ ಟಿ.ಸಿ. ಬರಲೇ ಇಲ್ಲವೋ. ತಂದೆಯನ್ನ ಕೇಳಿ ನೋಡಿ ಅಂದೆ. ಅವರು ಹೋಗಿ ಆರು ವರ್ಷ ಆಯ್ತು ಸಾರ್ ಅಂದ್ರು.